ಕೋಪ ಬಂದವರು ನೀರು ಕುಡಿದು ಬರುವುದು

ಹಾಲು ಉಕ್ಕುವುದಕ್ಕೆ ಒಂದು ಗಳಿಗೆ ಮುಂಚೆ ಬೆರಳಿನಿಂದ ತಣ್ಣೀರು ಚಿಮುಕಿಸುವುದು ಅವಳ ಕೈಗೆ ಎಷ್ಟು ರೂಢಿಯಾಗಿಹೋಗಿತ್ತೆಂದರೆ, ಆ ಬೆಳಿಗ್ಗೆ ಪಾತ್ರೆಯ ಅಂಚಿನವರೆಗೆ ಏರಿಬಂದ ನೊರೆ ಹೇಳಿದ ಮಾತು ಕೇಳುವ ಮಗುವಿನಂತೆ ತೆಪ್ಪಗೆ ಇಳಿದುಹೋದಾಗ, ಪಾಪ, ಅದಕ್ಕೂ ಏನಾದರೂ ಹೇಳುವುದಿತ್ತೋ ಏನೋ ಎಂಬ ಹುಚ್ಚು ಯೋಚನೆಯೊಂದು ಹೊಳೆದು ಅವಳಿಗೆ ನಗು ಬಂತು. ಈ ಮನೆಗೆ ಬಂದಮೇಲೆ ಅವಳ ಒಲೆಯ ಮೇಲೆ ಹಾಲು ಚೆಲ್ಲಿದ್ದೇ ಇಲ್ಲ. ಅತ್ತೆ ಅದನ್ನು ಬಂದವರೆದುರೆಲ್ಲ, ಸೊಸೆಗೆ ಎಲ್ಲೋ ಪದಕ ಬಂದಿದೆಯೆಂಬಂತೆ ಹೇಳಿಕೊಳ್ಳುತ್ತಿದ್ದರು. ಮನೆ ಚೆನ್ನಾಗಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು, ಹಿಂದಿನ ದಿನ ಒಗೆದ ಬಟ್ಟೆಯ ವಾಸನೆ ಇನ್ನೂ ಇತ್ತು, ಗಂಡ ಇನ್ನೊಂದು ಕಾಲಿನ ಶೂ ಹುಡುಕುತ್ತ ತನ್ನಷ್ಟಕ್ಕೆ ತಾನು ಏನೋ ಗುನುಗುತ್ತಿದ್ದ. ಎಲ್ಲವೂ ಹೀಗೆ ಅದರದರ ಜಾಗದಲ್ಲಿರುವಾಗ ಒಂದೇ ಒಂದು ಮಾತು, ಚಪ್ಪಲಿಯೊಳಗೆ ಸೇರಿಕೊಂಡ ಹರಳಿನಂತೆ, ಹೆಜ್ಜೆ ಇಟ್ಟಾಗೆಲ್ಲ ಒತ್ತುತ್ತಿತ್ತು: ಇವತ್ತು ಶುಕ್ರವಾರ. ಶುಕ್ರವಾರ ಮಧ್ಯಾಹ್ನ ಅವಳ ತರಗತಿಯಲ್ಲಿ ಮಕ್ಕಳ ಸಭೆ. ಹೋದ ಶುಕ್ರವಾರದ ಸಭೆಯಲ್ಲಿ ಅವಳೊಂದು ಕೆಲಸ ಮಾಡಿದ್ದಳು. ಅದು ಯಾರ ಕಣ್ಣಿಗೂ ಬಿದ್ದಿಲ್ಲ ಎಂದುಕೊಂಡಿದ್ದಳು.

"ಅಮ್ಮ, ನಾನು ಕೂದ್ಲು ಕತ್ತರಿಸ್ಕೋತೀನಿ. ಇಲ್ಲೀತನಕ." ಮಗಳು ಕಿವಿಯ ಕೆಳಗೆ ಕೈಯಿಟ್ಟು ತೋರಿಸುತ್ತ ಬಾಗಿಲಲ್ಲಿ ನಿಂತಿದ್ದಳು. ತಲೆಗೆ ಎರೆದುಕೊಂಡ ಕೂದಲು ಬೆನ್ನ ತುಂಬ ಹರಡಿ ಅಂಗಿ ಒದ್ದೆಯಾಗಿತ್ತು.

"ಕೂತ್ಕೊ. ಯಾಕೆ ಅಂತ ನಿಧಾನವಾಗಿ ಹೇಳು."

"ಯಾಕೆ ಅಂದ್ರೆ, ನಂಗೆ ಬೇಕು."

"ಬೇಕು ಅನ್ನೋದು ಕಾರಣ ಅಲ್ಲ ಪುಟ್ಟಿ. ಪರೀಕ್ಷೆ ಹತ್ರ ಬಂತು. ಗಿಡ್ಡ ಕೂದ್ಲಾದ್ರೆ ಪದೇ ಪದೇ ಕತ್ತರಿಸ್ತಾ ಇರ್ಬೇಕು. ಆಮೇಲೆ ಬೆಳೆಸ್ತೀನಿ ಅಂದ್ರೆ ಬೇಗ ಬೆಳೆಯುತ್ತಾ, ಯೋಚ್ನೆ ಮಾಡು."

"ಥೂ! ನಿನ್ನ ಹತ್ರ ಜಗಳ ಆಡೋದೂ ಒಂದೇ, ಬ್ಯಾಂಕಲ್ಲಿ ಅರ್ಜಿ ಕೊಡೋದೂ ಒಂದೇ," ಎಂದು ಮಗಳು ಕಾಲು ಅಪ್ಪಳಿಸಿದಳು.

"ಹೋಗಮ್ಮ, ನೀರು ಕುಡಿದು ಬಾ," ಎಂದ ಗಂಡ ಮಂಚದ ಕೆಳಗಿನಿಂದಲೇ. "ನಾನು ಮದುವೆ ಆದಾಗಿಂದ ಎಷ್ಟು ನೀರು ಕುಡಿದಿದೀನಿ ಅಂದ್ರೆ, ಕೋಪ ಹೋಗಿ ನೆಗಡಿ ಉಳ್ಕೊಂಡಿದೆ."

ಅತ್ತೆ ನಕ್ಕರು. ಅವಳೂ ನಕ್ಕಳು. ಮಗಳು ನಗಲಿಲ್ಲ. ಕೂದಲನ್ನು ಹಿಂಡಿ ಗಂಟು ಹಾಕಿಕೊಂಡು ಒಳಗೆ ಹೋದಳು. ಬಾಗಿಲು ದಡಾರನೆ ಹಾಕಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆತ್ತಗೆ, ತೀರ ಮರ್ಯಾದೆಯಿಂದ ಹಾಕಿಕೊಂಡಳು.

ಶಾಲೆಗೆ ನಡೆಯುವಾಗ ಅವಳಿಗೆ ಆ ಮೆತ್ತಗಿನ ಬಾಗಿಲೇ ಕೇಳಿಸುತ್ತಿತ್ತು. ಎಂಥ ಒಳ್ಳೆಯ ನಿಯಮ ಅದು, ಅವಳೇ ಕಂಡುಹಿಡಿದದ್ದು. ತರಗತಿಯ ಗೋಡೆಯ ಮೇಲೆ ಅವಳದೇ ದುಂಡು ಅಕ್ಷರದಲ್ಲಿತ್ತು: ಕೋಪ ಬಂದವರು ನೀರು ಕುಡಿದು ಬರುವುದು. ಸಭೆಯಲ್ಲಿ ಯಾರಿಗಾದರೂ ಸಿಟ್ಟೇ ಬರಲಿ, ಅಳುವೇ ಬರಲಿ, ಆ ವಾರದ ಅಧ್ಯಕ್ಷರು "ನೀರು" ಎನ್ನಬೇಕು. ಅವರು ಎದ್ದುಹೋಗಿ ಅಂಗಳದ ಕೊನೆಯ ನಲ್ಲಿಯಲ್ಲಿ ನೀರು ಕುಡಿದು, ಮುಖ ತೊಳೆದು, ತಣ್ಣಗಾಗಿ ಬಂದು, ಕಾರಣ ಸಮೇತ ಮಾತಾಡಬೇಕು. ಪೌರನೀತಿಯ ಪುಸ್ತಕದಲ್ಲಿ ನಾಗರಿಕನಿಗೆ ಹಕ್ಕುಗಳಿದ್ದವು, ಕರ್ತವ್ಯಗಳಿದ್ದವು, ಚಿತ್ರದಲ್ಲಿ ಇಸ್ತ್ರಿ ಮಾಡಿದ ಅಂಗಿಯೂ ಇತ್ತು; ಅವನಿಗೆ ಹೊಟ್ಟೆ ಉರಿಯುತ್ತದೆ ಎಂದು ಎಲ್ಲಿಯೂ ಬರೆದಿರಲಿಲ್ಲ. ಮಕ್ಕಳು ಅವಳಿಗೆ ತಣ್ಣೀರು ಟೀಚರ್ ಎಂದು ಹೆಸರಿಟ್ಟದ್ದು ಗೊತ್ತಾದಾಗ ಅವಳಿಗೆ ಒಳಗೊಳಗೇ ಖುಷಿಯೇ ಆಗಿತ್ತು. ಹೆಡ್ ಮೇಡಂ ಬೇರೆ ಟೀಚರುಗಳೆದುರು, "ನೋಡಿ, ಇವರ ಕ್ಲಾಸಲ್ಲಿ ಸಭೆ ನಡೀತಿದ್ರೂ ಹೊರಗೆ ನಿಂತೋರಿಗೆ ಪಾಠ ನಡೀತಿದೆ ಅನ್ಸುತ್ತೆ," ಎಂದು ಹೇಳಿದ್ದರು. ಅಪ್ಪನೂ ಹಾಗೇ ಹೇಳುತ್ತಿದ್ದರಲ್ಲ, ಊಟದ ಮೇಜಿನ ತುದಿಯಲ್ಲಿ ಕೂತು, ಹೆಗಲ ಮೇಲಿನ ಟವೆಲು ತೆಗೆದು ಅವಳ ಕೈಗೆ ಕೊಡುತ್ತ, ಅಳ್ತಾ ಮಾತಾಡಿದ್ರೆ ಮಾತು ಒದ್ದೆಯಾಗುತ್ತೆ ಮರಿ, ಅತ್ತು ಮುಗಿಸಿ ಬಾ ಎಂದು. ಎಷ್ಟು ಅಕ್ಕರೆಯಿಂದ ಹೇಳುತ್ತಿದ್ದರು. ಅವಳು ಹಿತ್ತಲಿಗೆ ಹೋಗಿ ಅತ್ತು, ಮುಖ ತೊಳೆದು, ಮೂಗು ಕೆಂಪಗೆ ಮಾಡಿಕೊಂಡು ಬರುವ ಹೊತ್ತಿಗೆ ಮೇಜಿನ ಸುತ್ತ ಬೇರೆ ಏನೋ ಮಾತು ಶುರುವಾಗಿರುತ್ತಿತ್ತು, ಅಣ್ಣ ಏನೋ ಹೇಳಿ ಎಲ್ಲರೂ ನಗುತ್ತಿರುತ್ತಿದ್ದರು, ಅವಳೂ ಕೂತು ನಗುತ್ತಿದ್ದಳು. ತಾನು ಯಾವುದಕ್ಕೆ ಅತ್ತೆನೋ ಅದು ಏನಾಯಿತು ಎಂದು ಯಾರೂ ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ಮನೆಯಲ್ಲಿ ನೆಮ್ಮದಿ ಎಂದರೆ ಇದೇ ಎಂದು ಅವಳು ತಿಳಿದಿದ್ದಳು. ಈಗಲೂ, ಆ ಟವೆಲಿನ ವಾಸನೆ ನೆನಪಾದರೆ ಹಿತವೇ ಆಗುತ್ತದೆ.

ಠಣ್, ಠಣ್, ಠಣ್. ಶಾಲೆಯ ಬೀದಿ ತಿರುಗುತ್ತಲೇ ತಗಡಿನ ಅಂಗಡಿಯ ಸದ್ದು. ಅಂಗಡಿಯವನು ಬಾಗಿಲ ಹೊರಗೇ ಮೊಣಕಾಲ ನಡುವೆ ಹೊಸ ಟ್ರಂಕಿನ ಮುಚ್ಚಳ ಸಿಕ್ಕಿಸಿಕೊಂಡು ಕೊಡತಿಯಿಂದ ಅಂಚು ಬಡಿಯುತ್ತಿದ್ದ. ಸುತ್ತ ಬಕೆಟ್ಟು, ಎಣ್ಣೆ ಸುರಿಯುವ ಲಾಳಿಕೆ, ಇನ್ನೂ ಹಿಡಿ ಕೂರಿಸದ ಕಸದ ಮೊರ. "ನಮಸ್ಕಾರ ಟೀಚರಮ್ಮ," ಎಂದ ಎಂದಿನಂತೆ. "ನಮಸ್ಕಾರ, ಚೆನ್ನಾಗಿದೀರಾ," ಎಂದಳು ಎಂದಿನಂತೆ. ಅವನು ತಲೆಯೆತ್ತಿ, ರಸ್ತೆಗೆ ಮುಖ ಮಾಡಿದ ಅವಳ ತರಗತಿಯ ಕಿಟಕಿಯನ್ನೊಮ್ಮೆ ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದ. ಕಿಟಕಿ ಮುಚ್ಚಿತ್ತು. ಅವಳ ಕಾಲು ತಾನಾಗಿ ಚುರುಕಾಯಿತು.

ಹೋದ ಶುಕ್ರವಾರ ಸಭೆಯ ಮುಂದಿದ್ದದ್ದು ಆ ಕಿಟಕಿಯೇ. ದಪ್ಪ ಕನ್ನಡಕದ ಹುಡುಗ, ಸೋಡಾಬುಡ್ಡಿ ಎಂದು ಎಲ್ಲರೂ ಕರೆಯುವವನು, ಎದ್ದು ನಿಂತು, ಹೊರಗಿನ ಸದ್ದಿಗೆ ತನಗೆ ತಲೆ ನೋಯುತ್ತದೆ, ಕಿಟಕಿ ಮುಚ್ಚಬೇಕು ಎಂದ. ಬಾಯಿ ಬಡಬಡಿಸುವ ವಕೀಲ, ಅದೂ ಅಡ್ಡಹೆಸರೇ, ಅವನ ಪರವಾಗಿ ಕಾರಣಗಳನ್ನು ಪಟಪಟನೆ ಹೇಳಿದ. ಆಗ ಎರಡನೇ ಬೆಂಚಿನಿಂದ ಎದ್ದವಳು ತಗಡಿನವನ ಮಗಳು, ಮೆಣಸಿನಕಾಯಿ. "ಮುಚ್ಚಬಾರ್ದು!" ಎಂದಳು. "ಯಾಕೆ?" ಎಂದರೆ, "ಮುಚ್ಚಬಾರ್ದು ಅಷ್ಟೇ!" "ಕಾರಣ ಹೇಳಮ್ಮ," ಎಂದಳು ಟೀಚರು. ಹುಡುಗಿಯ ಕತ್ತಿನ ನರ ಉಬ್ಬಿತು, ಮುಷ್ಟಿಯಿಂದ ಬೆಂಚು ಗುದ್ದಿದಳು. ಅಧ್ಯಕ್ಷರು "ನೀರು" ಎಂದರು. ಹುಡುಗಿ ಹೊರಗೆ ಓಡಿದಳು. ಆಮೇಲಿನದು ಬಹಳ ಸಣ್ಣ ಸಂಗತಿ. ವಕೀಲ "ಟೀಚರ್, ವೋಟಿಗೆ ಹಾಕೋಣ್ವಾ?" ಎಂದು ಕೇಳಿದ. ಅವಳು ಬಾಗಿಲ ಕಡೆ ನೋಡಿದಳು. ಅಂಗಳದ ತುದಿಯಲ್ಲಿ ಹುಡುಗಿ ನಲ್ಲಿಗೆ ಬಾಗಿದ್ದು ಕಂಡಿತು. ಗಂಟೆ ಹೊಡೆಯುವ ಹೊತ್ತಾಗಿತ್ತು. ಹುಡುಗಿ ಬಂದರೆ ಮತ್ತೆ ರಂಪ, ಪಕ್ಕದ ತರಗತಿಯವರು ಇಣುಕುತ್ತಾರೆ, ಹೆಡ್ ಮೇಡಂ ಹೊಗಳಿದ್ದು ಇನ್ನೂ ಹಸಿಯಾಗಿದೆ. "ಹೂಂ, ಹಾಕಿ," ಎಂದಳು. ಅಷ್ಟೇ. ಹುಡುಗಿ ಮುಖದಿಂದ ನೀರು ತೊಟ್ಟಿಕ್ಕಿಸುತ್ತ ಬಾಗಿಲಿಗೆ ಬಂದಾಗ ಯಾರೋ ಕಿಟಕಿಯ ಚಿಲಕ ಹಾಕುತ್ತಿದ್ದರು. ಹುಡುಗಿ ಚಿಲಕವನ್ನೊಮ್ಮೆ ನೋಡಿ ತನ್ನ ಜಾಗಕ್ಕೆ ನಡೆದಳು. ಕೂತಳು. ಅಂದಿನಿಂದ ಈ ವಾರವಿಡೀ ತರಗತಿಯಲ್ಲಿ ಬಾಯಿ ಬಿಟ್ಟಿಲ್ಲ. ಹಾಜರಿ ಕೂಗಿದಾಗಲೂ ಕೈ ಎತ್ತುತ್ತಾಳೆ, ಅಷ್ಟೇ. ಆ ಹುಡುಗಿ ಇನ್ನು ತನ್ನ ಸಭೆಯಲ್ಲಿ ಎಂದಾದರೂ ಮಾತಾಡಿಯಾಳೇ ಎನ್ನುವುದೇ ಚಪ್ಪಲಿಯೊಳಗಿನ ಹರಳು. ಒಂದೊಂದು ಸಲ ರೇಗಿಹೋಗುತ್ತಿತ್ತು, ಇಷ್ಟಕ್ಕೆಲ್ಲ ಇಷ್ಟೊಂದಾ ಎಂದು. ಹಾಗೆ ರೇಗಿದಾಗ ತಾನೇ ಒಂದು ಲೋಟ ನೀರು ಕುಡಿಯುತ್ತಿದ್ದಳು.

ಮಧ್ಯಾಹ್ನದ ಸಭೆಗೆ ಅವಳು ಎಂದಿನಂತೆ ಹಿಂದಿನ ಬೆಂಚಿನಲ್ಲಿ, ಮಕ್ಕಳ ಎತ್ತರಕ್ಕೆ ಮಡಚಿಕೊಂಡು ಕೂತಳು. ಕಿಟಕಿ ಮುಚ್ಚಿ ಮುಚ್ಚಿ ಕೋಣೆಯಲ್ಲಿ ಸೀಮೆಸುಣ್ಣದ, ಊಟದ ಡಬ್ಬಿಗಳ, ಬೆವರಿದ ಮಕ್ಕಳ ವಾಸನೆ ಕೂಡಿಕೊಂಡಿತ್ತು. ಮೆಣಸಿನಕಾಯಿಯ ಜಾಗ ಖಾಲಿ. "ಎಲ್ಲಿ ಅವಳು?" ಎಂದು ಕೇಳಿದ್ದಕ್ಕೆ, "ನಲ್ಲಿ ಹತ್ರ ಟೀಚರ್. ಸಭೆ ಶುರುವಾಗೋಕೆ ಮುಂಚೆನೇ ಹೋದ್ಲು," ಎಂದಳು ಈ ವಾರದ ಅಧ್ಯಕ್ಷೆ, ಉದ್ದ ಕತ್ತಿನ ಒಂಟೆ. ಬರಲಿ, ಕಾಯೋಣ ಎನ್ನಬೇಕಿತ್ತು. ನಾಲಿಗೆ ತುದಿಗೆ ಬಂದದ್ದು ಅಲ್ಲೇ ನಿಂತಿತು. ಒಂಟೆ ಸಭೆ ಶುರುಮಾಡಿಬಿಟ್ಟಳು.

ಇವತ್ತಿನ ವಿಷಯ, ಆಟದ ಹೊತ್ತಿನಲ್ಲಿ ಏನಾಡಬೇಕು ಎನ್ನುವುದು. ವಕೀಲನ ಗುಂಪಿಗೆ ಚೆಂಡಾಟ ಬೇಕು. ಸೋಡಾಬುಡ್ಡಿಗೆ ಚದುರಂಗ. ಅವನು ಕಾರಣಗಳನ್ನು ಬೆರಳು ಮಡಚಿ ಮಡಚಿ ಹೇಳುತ್ತಿದ್ದ, ಚೆನ್ನಾಗಿಯೇ ಹೇಳುತ್ತಿದ್ದ. ಅರ್ಧ ತರಗತಿ ತಲೆಯಾಡಿಸುವುದು ಅವಳಿಗೆ ಕಾಣುತ್ತಿತ್ತು. ವಕೀಲನಿಗೂ ಕಂಡಿರಬೇಕು. ಅವನು ಎದ್ದು ನಿಂತು, ಬಹಳ ವಿನಯದಿಂದ, "ಅಧ್ಯಕ್ಷರೇ, ಇವನಿಗೆ ಚೆಂಡು ಯಾಕೆ ಬೇಡ ಅಂದ್ರೆ, ಚೆಂಡು ಇವನಿಗೆ ಕಾಣಿಸಿದ್ರೆ ತಾನೆ!" ಎಂದ.

ನಗೆ ಭುಗಿಲೆಂದಿತು. ಸೋಡಾಬುಡ್ಡಿಯ ಕಿವಿ ಕೆಂಪಾಯಿತು. "ಲೋ!" ಎಂದು ಕಿರುಚಿದ. "ನೀನು, ನೀನು..."

"ಕೋಪ ಬಂತು, ಕೋಪ ಬಂತು! ಅಧ್ಯಕ್ಷರೇ, ನೀರು!" ಎಂದ ವಕೀಲ.

"ನೀರು," ಎಂದಳು ಒಂಟೆ, ನಿಯಮ ನಿಯಮವೇ ಎಂಬ ದನಿಯಲ್ಲಿ. ಸೋಡಾಬುಡ್ಡಿ ಕನ್ನಡಕ ತೆಗೆದು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ, ಬೆಂಚಿಗೆ ಡಿಕ್ಕಿ ಹೊಡೆದು, ಹೊರಗೆ ಹೋದ.

"ಕೈ ಎತ್ರೋ, ಬೇಗ ಬೇಗ! ಅವನು ವಾಪಸ್ ಬರೋಷ್ಟರಲ್ಲಿ!"

ಕೈಗಳು ಪಟಪಟನೆ ಮೇಲೆದ್ದವು. ಎಷ್ಟು ಸಲೀಸಾಗಿ, ಯಾರೂ ಹೇಳಿಕೊಡದೆ, ಗುಣಾಕಾರದ ಮಗ್ಗಿಗಿಂತ ಬೇಗ, ಇವರು ಇದನ್ನು ಕಲಿತುಬಿಟ್ಟಿದ್ದಾರೆ. ಯಾರೂ ಹೇಳಿಕೊಡದೆ?

"ನಿಲ್ಲಿಸಿ! ಇದೇನಿದು ವಕೀಲ್ರೇ? ಅವನನ್ನ ರೇಗಿಸಿ ಆಚೆ ಕಳಿಸಿ ವೋಟಾ?"

"ಹೋದ್ವಾರಾನೂ ಹಾಗೇ ಆಯ್ತಲ್ಲ ಟೀಚರ್," ಎಂದ ವಕೀಲ. ಅವನ ಮುಖದಲ್ಲಿ ಕುಹಕ ಇರಲಿಲ್ಲ, ಅದೇ ಕಷ್ಟ. ಹೇಳಿದ ಲೆಕ್ಕವನ್ನು ಸರಿಯಾಗಿ ಮಾಡಿ ಬೈಸಿಕೊಂಡ ಹುಡುಗನ ಮುಖ. "ಅವಳು ನಲ್ಲಿ ಹತ್ರ ಇದ್ಲು. ನಾನು ಕೇಳ್ದೆ. ನೀವು ಬಾಗಿಲ ಕಡೆ ನೋಡಿ ಹೂಂ ಅಂದ್ರಿ."

ಅಷ್ಟೂ ಜನ ಅವಳನ್ನೇ ನೋಡುತ್ತಿದ್ದರು. ಎಲ್ಲರೂ ನೋಡಿದ್ದಾರೆ. ಈ ವಾರವಿಡೀ, ಅವಳು ನಕ್ಷೆಯ ಮೇಲೆ ಕೋಲಿಟ್ಟು ಪಾಠ ಮಾಡುವಾಗ, ಹಾಜರಿ ಕೂಗುವಾಗ, ಇಷ್ಟೂ ಜೊತೆ ಕಣ್ಣುಗಳಿಗೆ ಗೊತ್ತಿತ್ತು. ಅದರಲ್ಲಿ ಅಂಥ ವಿಶೇಷವೇನೂ ಅವರಿಗೆ ಕಂಡಿರಲಿಲ್ಲ, ಸಭೆ ನಡೆಸುವ ರೀತಿಯೇ ಹಾಗೇನೋ ಎಂದುಕೊಂಡಿದ್ದರು. ಅವಳ ಕತ್ತಿನಿಂದ ಬಿಸಿ ಏರತೊಡಗಿತು. ಮೊದಲು ವಕೀಲನ ಮೇಲೆ, ಆಮೇಲೆ ಆ ನಿಯಮದ ದುಂಡು ಅಕ್ಷರದ ಮೇಲೆ, ಆಮೇಲೆ ಎಲ್ಲಿಗೋ, ಹಿತ್ತಲಿನ ಕಡೆಗೆ, ಕೈಯಲ್ಲಿ ಟವೆಲು ಹಿಡಿದು ನಿಂತ ಒಂದು ಮಗುವಿನ ಕಡೆಗೆ. "ಬಾಯ್ಮುಚ್ಚು!" ಎಂದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಒಡೆದ ಪಾತ್ರೆಯಂತಿತ್ತು.

ಎಲ್ಲರೂ ಒಂಟೆಯ ಕಡೆ ತಿರುಗಿದರು. ಒಂಟೆ ಉಗುಳು ನುಂಗಿದಳು. ಉದ್ದ ಕತ್ತಿನಲ್ಲಿ ಅದು ಇಳಿಯುವುದು ಕಾಣಿಸಿತು.

"ಟೀಚರ್..." ಎಂದಳು ಅಳುಮೋರೆ ಮಾಡಿಕೊಂಡು. "ನೀರು."

ಅವಳು ಎದ್ದಳು. ಸಣ್ಣ ಬೆಂಚಿನಿಂದ ಮೊಣಕಾಲು ಬಿಡಿಸಿಕೊಂಡು, ಸೀರೆ ಸರಿಮಾಡಿಕೊಂಡು, ಎರಡು ಸಾಲುಗಳ ನಡುವೆ ನಡೆದು ಹೊರಗೆ ಬಂದಳು. ಬಾಗಿಲಿನಿಂದ ನಲ್ಲಿಯವರೆಗೆ ಅಂಗಳ ಇಷ್ಟು ದೂರವಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಬೆನ್ನ ಹಿಂದೆ ತರಗತಿಯ ಗುಜುಗುಜು ಕೇಳಿಸುತ್ತಿತ್ತು, ಮಾತುಗಳು ಮಾತ್ರ ತಿಳಿಯುತ್ತಿರಲಿಲ್ಲ. ಅಲ್ಲಿ ತನ್ನ ಬಗ್ಗೆಯೇ ಏನೋ ನಡೆಯುತ್ತಿದೆ, ತಾನಿಲ್ಲಿದ್ದೇನೆ ಎಂದು ಅನ್ನಿಸಿ ಹೆಜ್ಜೆ ಭಾರವಾಯಿತು. ಯಾವತ್ತೂ, ಒಂದು ಸಲವೂ, ತಾನು ಈ ದಾರಿ ನಡೆದು ನೋಡಲಿಲ್ಲವಲ್ಲ.

ನಲ್ಲಿಯ ಕಟ್ಟೆಯ ಮೇಲೆ ಒಂದು ತುದಿಯಲ್ಲಿ ಮೆಣಸಿನಕಾಯಿ, ಇನ್ನೊಂದು ತುದಿಯಲ್ಲಿ ಸೋಡಾಬುಡ್ಡಿ, ಪರಸ್ಪರ ಬೆನ್ನು ಮಾಡಿ ಕೂತಿದ್ದರು. ಅವಳನ್ನು ನೋಡಿ ಇಬ್ಬರೂ ಎದ್ದು ನಿಂತರು.

"ಟೀಚರ್, ನಿಮಗೂ ಕೋಪನಾ?" ಎಂದ ಸೋಡಾಬುಡ್ಡಿ, ತನ್ನ ಕೋಪ ಮರೆತು.

"ಹೂಂ ಕಣೋ." ಅವಳು ಬೊಗಸೆಯೊಡ್ಡಿದಳು. ನೀರು ಬೆಚ್ಚಗಿತ್ತು. ತಣ್ಣೀರು ಟೀಚರಿನ ನಲ್ಲಿಯಲ್ಲಿ ಮಧ್ಯಾಹ್ನ ಬರುವುದು ಬಿಸಿನೀರು. ಅವಳಿಗೆ ನಗು ಉಕ್ಕಿಬಂದು ನೀರು ನೆತ್ತಿಗೇರಿತು. ಕೆಮ್ಮಿದಳು. ಯಾರೋ ಬೆನ್ನು ತಟ್ಟಿದರು. ಸಣ್ಣ ಕೈ, ಗಟ್ಟಿ ಕೈ.

"ನೀನ್ಯಾಕೆ ಮುಂಚೆನೇ ಬಂದು ಕೂತಿದೀಯ?" ಎಂದು ಕೇಳಿದಳು, ಸುಧಾರಿಸಿಕೊಂಡು.

"ಹೇಗೂ ಕೋಪ ಬಂದೇ ಬರುತ್ತಲ್ಲ ಟೀಚರ್," ಎಂದಳು ಮೆಣಸಿನಕಾಯಿ. ಈ ವಾರದಲ್ಲಿ ಅವಳಾಡಿದ ಮೊದಲ ಮಾತು. "ಆಮೇಲೆ ಎದ್ದು ಬರೋದ್ಯಾಕೆ, ಇಲ್ಲೇ ಇದ್ದುಬಿಡೋಣ ಅಂತ."

ಹುಡುಗಿಯ ಮಾತಿನಲ್ಲಿ ದೂರು ಇರಲಿಲ್ಲ. ಮಳೆ ಬರುವ ಹಾಗಿದ್ದರೆ ಕೊಡೆ ತರುವವರ ವಿವೇಕ ಇತ್ತು. ಕಾಂಪೌಂಡಿನಾಚೆಯಿಂದ ಠಣ್, ಠಣ್ ಎಂದು ಕೇಳಿಸುತ್ತಿತ್ತು. ಇಲ್ಲಿಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಹೋದ್ವಾರ ನೀನು ಇಲ್ಲಿದ್ದಾಗ ವೋಟು ಹಾಕಿಸ್ದೆ ನಾನು. ನೀನು ಇಲ್ಲಿರೋದು ನಂಗೆ ಕಾಣಿಸ್ತಿತ್ತು." ತಾನು ಇಷ್ಟು ದಿನ ಒಳಗೊಳಗೇ ತಿರುವಿ ತಿರುವಿ ಹಾಕಿದ ಮಾತು ಬಾಯಿಂದ ಬಂದಾಗ ಒಂದು ಸಾಲಿನಷ್ಟೂ ಉದ್ದವಿರಲಿಲ್ಲ.

"ಗೊತ್ತು ಟೀಚರ್," ಎಂದಳು ಹುಡುಗಿ. ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿ, "ನೀವು ಹೇಳ್ತೀರಾ ಇಲ್ವಾ ಅಂತ ನೋಡ್ತಿದ್ದೆ."

ನಲ್ಲಿಯ ಪಕ್ಕ, ಗಿಡಗಳಿಗೆ ನೀರು ಹಾಕುವ ತಗಡಿನ ಬಕೆಟ್ಟಿತ್ತು. ಅವಳು ಅದನ್ನು ತೊಳೆದು ತುಂಬಿಸಿದಳು. ಸೋಡಾಬುಡ್ಡಿ ಹಿಡಿಯ ಒಂದು ಕಡೆ ಹಿಡಿದ. ಮೆಣಸಿನಕಾಯಿ ಅವನನ್ನು ಒಮ್ಮೆ ದುರುಗುಟ್ಟಿ, ಇನ್ನೊಂದು ಕಡೆ ಹಿಡಿದಳು. "ನಮ್ಮಪ್ಪ ಮಾಡಿದ್ದು ಇದು. ಸೋರಲ್ಲ," ಎಂದಳು ಅವನಿಗೆ, ಬೈಯುವ ದನಿಯಲ್ಲಿ.

ಮೂವರೂ ಬಾಗಿಲಿಗೆ ಬಂದಾಗ ತರಗತಿ ಅನುಮಾನ ಬರುವಷ್ಟು ಶಾಂತವಾಗಿತ್ತು. ಕೆಲವರು ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದರು. ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದಿತ್ತು: ಮನೆಪಾಠ ರದ್ದು. ಸಭೆಯ ತೀರ್ಮಾನ.

"ಏನಿದು?"

"ವೋಟು ಹಾಕಿದ್ವಿ ಟೀಚರ್," ಎಂದಳು ಒಂಟೆ ನೆಲ ನೋಡುತ್ತ. "ಒಬ್ರೂ ಬೇಡ ಅನ್ಲಿಲ್ಲ."

"ನಾನಿಲ್ಲದಾಗ!" ಎಂದಳು ಅವಳು. "ನನ್ನನ್ನ ಒಂದು ಮಾತು ಕೇಳ್ದೆ! ನಾನೇನು ಸತ್ತುಹೋಗಿದ್ನಾ? ನೀರು ಕುಡಿಯೋಕೆ ಹೋದ್ರೆ..." ಅಲ್ಲಿಗೆ ನಿಂತಿತು. ತನ್ನ ಮಾತು ತನಗೇ ಕೇಳಿಸಿತು. ಬಕೆಟ್ಟಿನ ಪಕ್ಕ ನಿಂತಿದ್ದ ಮೆಣಸಿನಕಾಯಿ ಮೊದಲು ಮೂಗಿನಲ್ಲಿ, ಆಮೇಲೆ ಬಾಯಿಬಿಟ್ಟು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ತರಗತಿಗೆ ತರಗತಿಯೇ ನಕ್ಕಿತು. ಅವಳೂ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ, ಮೇಜಿಗೆ ಆತುಕೊಂಡು. ಪಕ್ಕದ ತರಗತಿಯ ಟೀಚರು ಬಾಗಿಲಲ್ಲಿ ಇಣುಕಿ, "ಏನ್ರೀ, ಎಲ್ಲ ಸರಿಯಾಗಿದೆ ತಾನೆ?" ಎಂದರು. "ಸರಿಯಾಗಿಲ್ಲ ರೀ, ಸರಿ ಮಾಡ್ಕೋತಿದೀವಿ," ಎಂದಳು.

ಆಮೇಲೆ ಬಕೆಟ್ಟನ್ನು ತರಗತಿಯ ನಟ್ಟನಡುವೆ ಇಟ್ಟಳು. ಮೇಜಿನಿಂದ ತನ್ನ ಲೋಟ ತಂದು ಅದರ ಪಕ್ಕ ಇಟ್ಟಳು. "ಇನ್ನು ಯಾರೂ ಆಚೆ ಹೋಗೋ ಹಾಗಿಲ್ಲ. ಕೋಪ ಬಂದೋರು ಇಲ್ಲೇ ಕುಡೀಬೇಕು. ಅವರು ಕುಡಿಯೋವರೆಗೆ ಮಿಕ್ಕೋರೆಲ್ಲ ಕಾಯ್ಬೇಕು. ಅಳೋರು ಅಳ್ತಾನೇ ಮಾತಾಡ್ಬಹುದು. ಒದ್ದೆ ಮಾತಾದ್ರೆ ಆಗ್ಲಿ."

"ಹಾಗಾದ್ರೆ ಮನೆಪಾಠ?" ಎಂದ ವಕೀಲ.

"ಅದಕ್ಕೆ ನಂಗೆ ಕೋಪ ಇದೆ, ಆಮೇಲೆ ಮಾತಾಡ್ತೀನಿ. ಮೊದಲು ಕಿಟಕಿ."

ಮೆಣಸಿನಕಾಯಿ ಎದ್ದು ನಿಂತಳು. ಬಾಯಿ ತೆರೆದಳು, ಬರಲಿಲ್ಲ. ಬಕೆಟ್ಟಿನ ಹತ್ತಿರ ಹೋಗಿ ಒಂದು ಲೋಟ ನೀರನ್ನು ಗಟಗಟ ಕುಡಿದಳು. ಎಲ್ಲರೂ ಅವಳ ಗಂಟಲನ್ನೇ ನೋಡುತ್ತ ಕಾದರು. ಕಾಯುವುದು ಅಷ್ಟು ಕಷ್ಟವೆಂದು, ಅಷ್ಟು ಹೊತ್ತು ಹಿಡಿಯುತ್ತದೆಯೆಂದು ಅವರಿಗೂ ಗೊತ್ತಿರಲಿಲ್ಲ. ನೀರು ಕುಡಿದರೂ ಅವಳ ಕೋಪ ಹೋಗಲಿಲ್ಲ, ಇನ್ನೂ ಮೊನಚಾಯಿತು. "ಅದು ಸದ್ದಲ್ಲ, ನಮ್ಮಪ್ಪ!" ಎಂದಳು. "ನೀವೆಲ್ಲ ಸೇರ್ಕೊಂಡು ನಮ್ಮಪ್ಪನ ಮುಖದ ಮೇಲೆ ಕಿಟಕಿ ಹಾಕಿದ್ರಿ. ದಿನಾ ಬೆಳಿಗ್ಗೆ ನಾನು ಕಿಟಕೀಲಿ ನೋಡ್ತೀನಿ, ಅಪ್ಪ ಕೊಡತಿ ಎತ್ತಿ ತೋರಿಸ್ತಾರೆ. ಈಗ ಕೇಳ್ತಾರೆ, ಏನಮ್ಮ, ಕಿಟಕಿ ಯಾಕೆ ಮುಚ್ಚಿದೆ, ನನ್ನ ಕೆಲಸದಿಂದ ತೊಂದ್ರೆ ಆಗ್ತಿದೆಯಾ ಅಂತ. ಇಲ್ಲಪ್ಪ, ಧೂಳು ಅಂದೆ. ನಾನು ಸುಳ್ಳು ಹೇಳ್ದೆ ನಿಮ್ಮಿಂದ!" ಅವಳು ಅಳುತ್ತಿದ್ದಳು. ಮಾತು ಒದ್ದೆಯಾಗಿತ್ತು. ಒಂದಕ್ಷರವೂ ಅಳಿಸಿಹೋಗಿರಲಿಲ್ಲ.

ಕಾರಣ ಹೇಳಮ್ಮ ಎಂದಿದ್ದೆನಲ್ಲ, ಎಂದುಕೊಂಡಳು ಅವಳು. ಇದು ಆ ಮುಷ್ಟಿಯೊಳಗೇ ಇತ್ತು.

ಸೋಡಾಬುಡ್ಡಿ ಎದ್ದು ಬಂದು ತಾನೂ ಒಂದು ಲೋಟ ನೀರು ಕುಡಿದ. "ನಂಗೂ ನಿಜವಾಗ್ಲೂ ತಲೆ ನೋಯುತ್ತೆ," ಎಂದ, ಲೋಟ ಕೆಳಗಿಡದೆ. "ನಾಟಕ ಅಲ್ಲ. ಕನ್ನಡಕ ತೆಗೆದ್ರೆ ಸದ್ದು ಇನ್ನೂ ಜೋರಾಗಿ ಕೇಳ್ಸುತ್ತೆ ನಂಗೆ. ನಿಮ್ಮಪ್ಪ ಅಂತ ನಂಗೇನು ಗೊತ್ತು?"

"ಮತ್ತೆ ಹೋಗಿ ಆ ಮೂಲೇಲಿ ಕೂತ್ಕೊ. ಕಿಟಕಿ ಪಕ್ಕ ನಾನು ಬರ್ತೀನಿ," ಎಂದಳು ಮೆಣಸಿನಕಾಯಿ.

"ಪರೀಕ್ಷೆ ದಿನ?"

ಮೆಣಸಿನಕಾಯಿ ಯೋಚಿಸಿದಳು. ತರಗತಿ ಕಾಯಿತು. "ಪರೀಕ್ಷೆ ದಿನ ಮುಚ್ಚೋಣ," ಎಂದಳು ಕೊನೆಗೆ. "ಆದ್ರೆ ಮುಚ್ಚೋದು ನಾನೇ. ಅಪ್ಪಂಗೆ ಹೇಳಿ ಮುಚ್ತೀನಿ."

"ವೋಟಿಗೆ ಹಾಕೋಣ್ವಾ?" ಎಂದ ವಕೀಲ. ಒಮ್ಮೆ ಬೆಂಚುಗಳನ್ನೆಲ್ಲ, ಬಾಗಿಲನ್ನೂ, ನೋಡಿಕೊಂಡು, "ಎಲ್ರೂ ಇದಾರೆ," ಎಂದು ಸೇರಿಸಿದ.

"ಮೊದಲು ಕಿಟಕಿ ತೆಗೀರಿ," ಎಂದಳು ಒಂಟೆ. "ಯಾವುದಕ್ಕೆ ವೋಟು ಅಂತ ಕೇಳಿಸ್ಕೊಂಡು ಹಾಕೋಣ."

ಚಿಲಕ ತುಸು ಬಿಗಿಯಾಗಿತ್ತು. ಇಬ್ಬರು ಸೇರಿ ಎಳೆದರು. ಗಾಳಿ ಒಳಗೆ ಬಂತು. ಸದ್ದು ಬರಲಿಲ್ಲ. ತಗಡಿನವನು ಕೆಲಸ ನಿಲ್ಲಿಸಿ ಚಹಾ ಕುಡಿಯುತ್ತಿದ್ದನೋ, ಗಿರಾಕಿ ಬಂದಿದ್ದರೋ. ಇಡೀ ತರಗತಿ, ಸೋಡಾಬುಡ್ಡಿಯೂ ಸೇರಿ, ಉಸಿರು ಹಿಡಿದು, ಕಿವಿಗೊಟ್ಟು ಕೂತಿತು. ಅವಳ ಸಭೆ ಇಷ್ಟು ಶಾಂತವಾಗಿ ಎಂದೂ ಇದ್ದದ್ದಿಲ್ಲ. ಆಮೇಲೆ ಒಂದು ಠಣ್. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಕೈಗಳು ಒಂದೊಂದಾಗಿ, ನಿಧಾನವಾಗಿ ಎದ್ದವು.

ಸಂಜೆ ಮನೆಯಲ್ಲಿ ಅತ್ತೆ ಮತ್ತು ಅವಳು ಬಟಾಣಿ ಬಿಡಿಸುತ್ತ ಕೂತಿದ್ದರು. ಕಾಳು ಬಟ್ಟಲಿಗೆ ಟಪಟಪ ಬೀಳುತ್ತಿತ್ತು. ಮನೆಪಾಠದ ಮೇಲಿನ ತನ್ನ ಕೋಪವನ್ನು ಸೋಮವಾರ ಹೇಗೆ ಹೇಳಬೇಕೆಂದು ಯೋಚಿಸುತ್ತ ಅವಳು ಒಳಗೊಳಗೇ ನಗುತ್ತಿದ್ದಳು. ಬಹುಶಃ ಸೋಲುತ್ತೇನೆ. ಅರ್ಧವಾದರೂ ಉಳಿದೀತು. ಮಗಳು ಶಾಲೆಯ ಚೀಲವನ್ನು ಕುರ್ಚಿಯ ಮೇಲೆ ಮೆತ್ತಗೆ ಇಟ್ಟು, ಮೆತ್ತಗೆ ಒಳಗೆ ಹೊರಟಳು.

"ಏಯ್, ನಿಲ್ಲು. ಕೂದ್ಲು ಕತ್ತರಿಸ್ಬೇಡ."

"ಗೊತ್ತು. ಪರೀಕ್ಷೆ. ಪದೇ ಪದೇ ಕತ್ತರಿಸ್ತಾ ಇರ್ಬೇಕು. ಬೇಗ ಬೆಳೆಯಲ್ಲ," ಎಂದಳು ಮಗಳು ಪಾಠ ಒಪ್ಪಿಸುವಂತೆ.

"ಅದೆಲ್ಲ ಸುಳ್ಳು!" ಎಂದಳು ಅವಳು. ದನಿ ಏರಿತು, ಏರಲಿ ಎಂದು ಬಿಟ್ಟಳು. "ನಂಗೆ ಹೊಟ್ಟೆ ಉರಿಯುತ್ತೆ, ಅದಕ್ಕೆ! ನೀನು ಇಷ್ಟಿದ್ದಾಗಿಂದ ನಾನು ಬಾಚಿದ ಕೂದ್ಲು ಅದು. ಸಿಕ್ಕು ಬಿಡಿಸಿ ಬಿಡಿಸಿ ನನ್ನ ಬೆರಳು ಸವೆದಿದೆ. ಈಗ ನೀನೇ ಬಾಚ್ಕೋತೀಯ, ನನ್ನ ಕೈಗೆ ತಲೆನೇ ಕೊಡಲ್ಲ. ಇನ್ನು ಅದನ್ನೂ ಕತ್ತರಿಸಿ ಬಿಸಾಕ್ತೀನಿ ಅಂತ ಹಾಲು ಕಾಯಿಸೋ ಹೊತ್ತಲ್ಲಿ ಬಂದು ಹೇಳಿದ್ರೆ ನಾನೇನು ಕಲ್ಲಾ?"

ಅತ್ತೆಯ ಕೈಯಲ್ಲಿದ್ದ ಬಟಾಣಿ ಸಿಪ್ಪೆ ಹಾಗೇ ನಿಂತಿತು. ಗಂಡ ಕೋಣೆಯಿಂದ ಹೊರಗೆ ಬಂದು, ಹೆಂಡತಿಯ ಮುಖ ನೋಡಿ, ಸದ್ದಿಲ್ಲದೆ ಗೋಡೆಗೆ ಆತು ನಿಂತ.

"ಅದನ್ನ ಬೆಳಿಗ್ಗೆನೇ ಹೇಳೋಕೆ ಏನಾಗಿತ್ತು ನಿಂಗೆ?" ಮಗಳೂ ಕಿರುಚಿದಳು. "ನಂಗೂ ಅಳು ಬರುತ್ತೆ ಅದನ್ನ ಕತ್ತರಿಸೋಕೆ! ಆದ್ರೂ ಬೇಕು ನಂಗೆ! ಎರಡೂ ಆಗುತ್ತೆ, ಗೊತ್ತಾ? ಅದಕ್ಕೇ ನಿನ್ನ ಹತ್ರ ಬಂದಿದ್ದು!" ಅವಳ ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು, ಮತ್ತು ಏನೋ ಗೆದ್ದವಳಂತೆ ತುಟಿಯ ತುದಿ ಮೇಲಕ್ಕೇಳುತ್ತಿತ್ತು. ತಟ್ಟನೆ ತಿರುಗಿ ಅಡುಗೆಮನೆಯ ಕಡೆ ನಡೆದಳು.

"ಎಲ್ಲಿಗೆ ಹೋಗ್ತೀಯ? ನಾನು ಮಾತಾಡ್ತಿದೀನಿ!"

"ಎಲ್ಲಿಗೂ ಇಲ್ಲಮ್ಮ." ಒಳಗಿನಿಂದ ಲೋಟಗಳ ಸದ್ದು ಕೇಳಿಸಿತು, ಒಂದಲ್ಲ, ಎರಡು. "ನೀರು ತರ್ತಿದೀನಿ. ನೀನು ನಿಲ್ಲಿಸ್ಬೇಡ."